ತೊರಕೆ ಮತ್ತು ಮನೆನೊಣ

ತುಂಗಭದ್ರೆಯ ದಡದ ಬುಕ್ಕಸಾಗರದಲ್ಲಿ ದನದ ಕೊಟ್ಟಿಗೆ, ತಿಪ್ಪೆಗುಂಡಿಗಳ ಸುತ್ತ ಹಾರಾಡುವ ಮನೆನೊಣ (ಮಸ್ಕ ಡೊಮೆಸ್ಟಿಕ) ಒಂದು ಕೀಟ. ಅರಬ್ಬೀ ಸಮುದ್ರದ ಚುಕ್ಕೆ ತೊರಕೆ (ಈಟೊಬಾಟಸ್ ಒಸೆಲ್ಲಾಟಸ್) ಶಾರ್ಕ್‌ಗಳ ಸಮೀಪದ ಬಂಧುವಾದ ಮೀನು.

ಮೈಕಟ್ಟು
ನೊಣದ ಉದ್ದ 6ರಿಂದ 8 ಮಿಲಿಮೀಟರ್. ಅದರ ಅಸ್ಥಿಪಂಜರ ಮೈಯ ಹೊರಗಿನ ಕವಚ. ತೊರಕೆಯ ಅಸ್ಥಿಪಂಜರ ಒಳಗಿದೆ, ಆದರೆ ಅದು ಮೂಳೆಯದಲ್ಲ, ಮೃದ್ವಸ್ಥಿಯದು. ಬಾಲದ ಬುಡದಲ್ಲಿ ವಿಷದ ಮುಳ್ಳುಗಳಿವೆ.

ರೆಕ್ಕೆ
ನೊಣಕ್ಕೆ ಒಂದೇ ಜೊತೆ ರೆಕ್ಕೆ. ಹಿಂದಿನ ಜೊತೆ ಪುಟ್ಟ ಗುಂಡಿಗಳಂತಾಗಿ ಹಾರಾಟದಲ್ಲಿ ಸಮತೋಲ ಕಾಯುತ್ತದೆ. ರೆಕ್ಕೆ ಸೆಕೆಂಡಿಗೆ ಸುಮಾರು 200 ಬಾರಿ ಬಡಿಯುತ್ತದೆ. ತೊರಕೆಯ ‘ರೆಕ್ಕೆ’ ನಿಜದಲ್ಲಿ ಅಗಲವಾದ ಎದೆಯ ಈಜುರೆಕ್ಕೆ. ಅದನ್ನು ನಿಧಾನವಾಗಿ ಮೇಲೆ ಕೆಳಗೆ ಬೀಸುತ್ತಾ ಈಜುತ್ತದೆ.

ಉಸಿರಾಟ
ನೊಣದ ಮೈಬದಿಯ ರಂಧ್ರಗಳಿಂದ ಗಾಳಿ ಒಳಗಿನ ನಾಳಗಳಿಗೆ ಹೋಗುತ್ತದೆ. ತೊರಕೆಯ ಕಣ್ಣಿನ ಹಿಂದಿನ ರಂಧ್ರದಿಂದ ನೀರು ಒಳಬಂದು, ಕಿವಿರುಗಳನ್ನು ದಾಟಿ ಹೊಟ್ಟೆಯ ಕಡೆಯ ಸೀಳುಗಳಿಂದ ಹೊರಬೀಳುತ್ತದೆ.

ಆಹಾರ
ನೊಣ ಜೊಲ್ಲು ಸುರಿಸಿ, ಕರಗಿದ್ದನ್ನು ಹೀರುತ್ತದೆ. ತೊರಕೆ ಚಪ್ಪಟೆ ಹಲ್ಲುಗಳಿಂದ ಮೃದ್ವಂಗಿಗಳ ಚಿಪ್ಪನ್ನು ಪುಡಿಮಾಡುತ್ತದೆ.

ಸಂತಾನ
ಹೆಣ್ಣು ನೊಣ ಕೆಲವೇ ವಾರಗಳ ಬಾಳಿನಲ್ಲಿ ನೂರಾರು ಮೊಟ್ಟೆ ಇಡುತ್ತದೆ. ಬೆಚ್ಚನೆಯ ದಿನಗಳಲ್ಲಿ ಸುಮಾರು ಹತ್ತು ದಿನಕ್ಕೆ ಹೊಸ ನೊಣ ಸಿದ್ಧ. ತೊರಕೆ ತಿಂಗಳುಗಟ್ಟಲೆ ಗರ್ಭ ಹೊತ್ತು ಬೆರಳೆಣಿಕೆಯ ಮರಿಗಳನ್ನು ಹೆರುತ್ತದೆ. ಆದ್ದರಿಂದ ಬಲೆಗೆ ಸಿಕ್ಕಿ ಕಡಿಮೆಯಾದ ತೊರಕೆಗಳ ಸಂಖ್ಯೆ ಮತ್ತೆ ಹೆಚ್ಚಲು ಬಹುಕಾಲ ಬೇಕು.