ಬಂಗುಡೆ

ಘಟ್ಟದ ಮೇಲಿನ ಊರುಗಳಲ್ಲಿ ಬೂತಾಯಿಯನ್ನೂ ‘ಬಂಗುಡೆ’ ಎಂದುಬಿಡುವುದು ಆಗಾಗ ಕಿವಿಗೆ ಬೀಳುತ್ತದೆ. ಎರಡೂ ಬೇರೆ ಬೇರೆ ಕುಲದ ಮೀನುಗಳು.

ಬಂಗುಡೆ ಕರಾವಳಿಯ ಮಾತು. ತುಳುವಿನಲ್ಲೂ ಬಂಗುಡೆಯೇ. ಕೊಂಕಣಿಯಲ್ಲಿ ಬಾಂಗ್ಡೊ, ಮರಾಠಿಯಲ್ಲಿ ಬಾಂಗಡಾ: ಮಂಗಳೂರಿನಿಂದ ಮುಂಬಯಿವರೆಗೆ ಒಂದೇ ಪದ ಸ್ವರ ಬದಲಿಸುತ್ತ ಸಾಗಿದೆ. ತೆಂಕಣ ಮಲಯಾಳದಲ್ಲಿ ಮಾತ್ರ ಅದು ‘ಅಯಲ’. ಪೂರ್ವ ಕರಾವಳಿಯ ತೆಲುಗರ ಹೆಸರು ‘ಕನಗುರ್ತ’. ವಿಶಾಖಪಟ್ಟಣದ ಮೀನುಗಳ ಬಗ್ಗೆ ಪ್ಯಾಟ್ರಿಕ್ ರಸೆಲ್ ಬರೆದ, 1803ರಲ್ಲಿ ಅಚ್ಚಾದ ಪುಸ್ತಕದಲ್ಲಿ ಈ ಹೆಸರು ದಾಖಲಾಯಿತು. ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಕ್ಯುವಿಯೆ ಅದನ್ನೇ ಶಾಸ್ತ್ರೀಯ ಹೆಸರಿಗೆ ಎತ್ತಿಕೊಂಡ. ಇಂದು ಜಗತ್ತಿಗೆಲ್ಲ ಇದು ‘ರಾಸ್ಟ್ರೆಲಿಗರ್ ಕನಗುರ್ತ’. ವಿಜ್ಞಾನದ ಹೆಸರಿನೊಳಗೆ ನಮ್ಮ ನೆರೆಯ ಬೆಸ್ತರ ಮಾತು ಉಳಿದಿರುವುದು ಹೆಮ್ಮೆಯ ಸಂಗತಿ.

ಕನ್ನಡದಲ್ಲಿ ‘ಬಂಗುಡೆ’ ಎಂಬ ಪದ ಈಗ ಅಡುಗೆಮನೆಯದೂ ಹೌದು. ‘ಬಂಗುಡೆ ಪುಳಿಮುಂಚಿ’ ಎಂದರೆ ಬಿಡಿಸಿ ಹೇಳಬೇಕಿಲ್ಲ.

ಗುರುತು ಸುಲಭ. ನೀಲಿಹಸಿರು ಬೆನ್ನು, ಮೈಯುದ್ದಕ್ಕೆ ಮಸುಕು ಪಟ್ಟೆ, ಎದೆರೆಕ್ಕೆಯ ಬಳಿ ಕಪ್ಪು ಮಚ್ಚೆ. ಬಾಲದ ಬುಡಕ್ಕೆ ಮುಂಚೆ ಮೇಲೂ ಕೆಳಗೂ ಸಾಲಾಗಿ ಕಿರುರೆಕ್ಕೆಗಳಿವೆಯೇ ನೋಡಿ. ಬೂತಾಯಿಗೆ ಅವಿಲ್ಲ. ಕೊಳ್ಳುವಾಗ ಅದನ್ನು ನೋಡಿಯೇ ಹೆಸರು ಹೇಳಿ.