ಕಂಪ್ಯೂಟರ್ ಪರದೆಯ ಹಿಂದೆ ಬೆಂಗಳೂರಿನ ಬಿಲ್ಲೆಗಳು

ಮೇಜಿನ ಅರ್ಧ ಜಾಗವನ್ನು ನುಂಗಿ ಕೂರುತ್ತಿದ್ದ ಕಂಪ್ಯೂಟರ್ ಮಾನಿಟರ್ ಇಂದು ಗುಜರಿ ಅಂಗಡಿಯಲ್ಲೂ ಅಪರೂಪವಾಗಿದೆ. ಬ್ಯಾಂಕು, ರೈಲ್ವೆ ಬುಕಿಂಗ್ ಕೌಂಟರ್, ತಾಲ್ಲೂಕು ಕಚೇರಿ, ಮನೆಯ ಪಡಸಾಲೆ ಎಲ್ಲೆಡೆಯೂ ಗೋಡೆಗೆ ನೇತುಹಾಕಬಹುದಾದ ತೆಳು ಪರದೆಗಳು ಬಂದು ಕುಳಿತಿವೆ. ಈಗ ಈ ತೆಳು ಪರದೆಗೂ ವಯಸ್ಸಾಯಿತು, ಮುಂದೆ ಮಡಚುವ ಪರದೆ, ತಾನೇ ಬೆಳಗುವ ಪರದೆ ಬರಲಿದೆ ಎಂಬ ಮಾತು ಕೇಳಿಬರುತ್ತಿದೆ. ನಾಳಿನ ಪರದೆ ಯಾವುದು? ಅದನ್ನು ತಯಾರಿಸುವವರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಇಂದಿನ ಪರದೆ ಎಲ್ಲಿಂದ ಬಂತು ಎಂಬುದನ್ನು ತಿಳಿಯುವುದು ಒಳ್ಳೆಯದು. ಆ ಕಥೆಯಲ್ಲಿ ಮೈಸೂರು, ಬೆಂಗಳೂರುಗಳ ಪಾಲೂ ಇದೆ ಎಂಬುದು ಬಹುಮಂದಿಗೆ ತಿಳಿಯದು.

ಹಳೆಯ ಮಾನಿಟರ್‌ನ ಹೃದಯವೆಂದರೆ ಪಿಕ್ಚರ್ ಟ್ಯೂಬ್. ಇದರ ಮೂಲರೂಪವನ್ನು 1897ರಲ್ಲಿ ಜರ್ಮನಿಯ ಭೌತವಿಜ್ಞಾನಿ ಫರ್ಡಿನಾಂಡ್ ಬ್ರೌನ್ ರೂಪಿಸಿದರು. ಗಾಳಿ ತೆಗೆದ ಗಾಜಿನ ಬುರುಡೆಯ ಹಿಂಬದಿಯಿಂದ ಹೊರಟ ಎಲೆಕ್ಟ್ರಾನ್‌ಗಳ ಧಾರೆ ಮುಂಭಾಗದ ಲೇಪನಕ್ಕೆ ಬಡಿದಾಗ ಅಲ್ಲಿ ಬೆಳಕಿನ ಚುಕ್ಕೆ ಮೂಡುತ್ತದೆ. ಆ ಧಾರೆಯನ್ನು ಅಯಸ್ಕಾಂತದಿಂದ ಬಾಗಿಸಿ, ಗದ್ದೆಯಲ್ಲಿ ಸಾಲು ಹೊಡೆದಂತೆ ಪರದೆಯುದ್ದಕ್ಕೂ ಓಡಿಸಿದರೆ ಚಿತ್ರವಾಗುತ್ತದೆ. ಧಾರೆ ಪರದೆಯ ಎಲ್ಲ ಮೂಲೆಗಳನ್ನು ಮುಟ್ಟಬೇಕಾದರೆ ಹಿಂದೆ ಸಾಕಷ್ಟು ಜಾಗ ಬೇಕು. ಹೊರಗಿನ ಗಾಳಿಯ ಒತ್ತಡ ತಡೆಯಲು ಗಾಜು ದಪ್ಪವಿರಬೇಕು. ಪರದೆ ದೊಡ್ಡದಾದಷ್ಟೂ ಟ್ಯೂಬಿನ ಆಳ ಮತ್ತು ತೂಕ ಎರಡೂ ಏರುತ್ತಿದ್ದುದು ಇದರಿಂದಲೇ.

ವಿಶೇಷವೆಂದರೆ, ಈ ಟ್ಯೂಬನ್ನು ಮೂಲೆಗುಂಪು ಮಾಡಿದ ವಸ್ತು ಟ್ಯೂಬಿಗಿಂತ 9 ವರ್ಷ ಮೊದಲೇ ಪತ್ತೆಯಾಗಿತ್ತು.

ಎರಡು ಸಲ ಕರಗಿದ ವಸ್ತು

1888ರಲ್ಲಿ ಪ್ರಾಗ್ ನಗರದ ಸಸ್ಯವಿಜ್ಞಾನಿ ಫ್ರೆಡ್ರಿಕ್ ರೈನಿಟ್ಜರ್, ಸಸ್ಯಗಳಲ್ಲಿ ಕೊಲೆಸ್ಟರಾಲ್‌ನಂಥ ವಸ್ತುಗಳ ಬಗ್ಗೆ ಅಧ್ಯಯನ ಮಾಡುತ್ತಿದ್ದರು. ಅವರು ತಯಾರಿಸಿದ ಕೊಲೆಸ್ಟರಿಲ್ ಬೆಂಜೋಯೇಟ್ ಎಂಬ ಬಿಳಿಯ ವಸ್ತು ವಿಚಿತ್ರವಾಗಿ ವರ್ತಿಸಿತು. 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಮಬ್ಬಾದ ದ್ರವವಾಯಿತು. 178.5 ಡಿಗ್ರಿಯಲ್ಲಿ ಆ ಮಬ್ಬು ಹರಿದು ದ್ರವ ತಿಳಿಯಾಯಿತು. ಒಂದೇ ವಸ್ತುವಿಗೆ ಎರಡು ಕರಗುವ ಬಿಂದು ಹೇಗೆ ಸಾಧ್ಯ? ಉತ್ತರ ತೋಚದ ರೈನಿಟ್ಜರ್ ಅದೇ ವರ್ಷದ ಮಾರ್ಚ್ 14ರಂದು ಜರ್ಮನಿಯ ಭೌತವಿಜ್ಞಾನಿ ಒಟ್ಟೊ ಲೆಹ್ಮನ್ ಅವರಿಗೆ ಪತ್ರ ಬರೆದರು. ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಲೆಹ್ಮನ್, ಈ ವಸ್ತು ನೀರಿನಂತೆ ಹರಿಯುತ್ತದೆ, ಆದರೆ ಬೆಳಕಿನ ಮಟ್ಟಿಗೆ ಸ್ಫಟಿಕದಂತೆ ವರ್ತಿಸುತ್ತದೆ ಎಂದು ಕಂಡುಕೊಂಡರು. 'ದ್ರವ ಸ್ಫಟಿಕ' ಎಂಬ ಹೆಸರು ಬಂದದ್ದು ಹೀಗೆ.

ಮುಂದಿನ 7 ದಶಕಗಳ ಕಾಲ ಇದು ಪ್ರಯೋಗಾಲಯದ ಕುತೂಹಲವಾಗಿಯೇ ಉಳಿಯಿತು. 1960ರ ದಶಕದಲ್ಲಿ ಅಮೆರಿಕದ ಆರ್‌ಸಿಎ ಕಂಪೆನಿಯ ಪ್ರಿನ್ಸ್‌ಟನ್ ಪ್ರಯೋಗಾಲಯದಲ್ಲಿ ಜಾರ್ಜ್ ಹೈಲ್ಮೇಯರ್ ಮತ್ತು ಸಂಗಡಿಗರು, ವಿದ್ಯುತ್ ಹಾಯಿಸಿ ದ್ರವ ಸ್ಫಟಿಕವನ್ನು ತಿಳಿಯಿಂದ ಮಬ್ಬಿಗೆ, ಮಬ್ಬಿನಿಂದ ತಿಳಿಗೆ ತಿರುಗಿಸಬಹುದೆಂದು ತೋರಿಸಿದರು. 1968ರ ಮೇ 28ರಂದು ಕಂಪೆನಿ ಪತ್ರಕರ್ತರನ್ನು ಕರೆದು ಇದನ್ನು ಪ್ರಕಟಿಸಿತು. ಗೋಡೆಯ ಮೇಲೆ ನೇತುಹಾಕುವ ಟಿ.ವಿ.ಯ ಕನಸು ಅಲ್ಲಿ ಚಿಗುರಿತು.

ಆದರೆ ಆರ್‌ಸಿಎ ಆಗ ಬಣ್ಣದ ಪಿಕ್ಚರ್ ಟ್ಯೂಬ್‌ಗಳ ದೊಡ್ಡ ವ್ಯಾಪಾರಿ. ಚೆನ್ನಾಗಿ ಹಾಲು ಕೊಡುತ್ತಿರುವ ಹಸುವನ್ನು ಬಿಟ್ಟು ಕರುವಿನ ಹಿಂದೆ ಹೋಗಲು ಕಂಪೆನಿಗೆ ಮನಸ್ಸಾಗಲಿಲ್ಲ. ಆ ಅವಕಾಶ ಹಿಡಿದದ್ದು ಜಪಾನ್. 1973ರಲ್ಲಿ ಶಾರ್ಪ್ ಕಂಪೆನಿ ದ್ರವ ಸ್ಫಟಿಕ ಪರದೆಯ ಕ್ಯಾಲ್ಕುಲೇಟರ್ ಅನ್ನು ಮಾರುಕಟ್ಟೆಗೆ ತಂದಿತು. 1988ರಲ್ಲಿ ಅದೇ ಕಂಪೆನಿ 14 ಅಂಗುಲದ ಬಣ್ಣದ ಎಲ್‌ಸಿಡಿ ಪರದೆಯನ್ನು ತೋರಿಸಿತು.

ಈ ಬೆಳವಣಿಗೆಯಲ್ಲಿ ಹಲವರ ಕೈ ಕೂಡಿತ್ತು. ಸ್ವಿಟ್ಜರ್ಲೆಂಡ್‌ನ ಹಾಫ್‌ಮನ್ ಲಾ ರೋಶ್ ಕಂಪೆನಿಯಲ್ಲಿದ್ದ ಮಾರ್ಟಿನ್ ಶಾಟ್ ಮತ್ತು ವೋಲ್ಫ್‌ಗಾಂಗ್ ಹೆಲ್ಫ್‌ರಿಶ್ 1970ರಲ್ಲಿ ಸರಳ ಉಪಾಯವೊಂದನ್ನು ಕಂಡುಹಿಡಿದರು. ಎರಡು ಗಾಜುಗಳ ನಡುವೆ ದ್ರವ ಸ್ಫಟಿಕದ ಅಣುಗಳನ್ನು ಸುರುಳಿ ಮೆಟ್ಟಿಲಿನಂತೆ ತಿರುಚಿ ನಿಲ್ಲಿಸಿದರೆ ಬೆಳಕೂ ಜೊತೆಯಲ್ಲೇ ತಿರುಗಿ ಹೊರಬರುತ್ತದೆ. ವಿದ್ಯುತ್ ಕೊಟ್ಟೊಡನೆ ಅಣುಗಳು ನೆಟ್ಟಗಾಗಿ ಬೆಳಕಿನ ದಾರಿ ಮುಚ್ಚುತ್ತದೆ. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಜಾರ್ಜ್ ಗ್ರೇ ಅವರು ಮಾಮೂಲಿ ಉಷ್ಣತೆಯಲ್ಲೂ ಕೆಡದೆ ಉಳಿಯುವ ದ್ರವ ಸ್ಫಟಿಕಗಳನ್ನು 1973ರಲ್ಲಿ ಪ್ರಕಟಿಸಿದರು. ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪೆನಿಯಲ್ಲಿ ಪೀಟರ್ ಬ್ರೋಡಿ ತಂಡ ಪ್ರತಿ ಚುಕ್ಕೆಗೂ ಒಂದೊಂದು ಟ್ರಾನ್ಸಿಸ್ಟರ್ ಇಡುವ ವಿಧಾನವನ್ನು ಸಾಧಿಸಿತು.

ಮೈಸೂರಿನಿಂದ ಬೆಂಗಳೂರಿಗೆ

ಇದೇ ಕಾಲದಲ್ಲಿ ಕರ್ನಾಟಕದಲ್ಲೂ ದ್ರವ ಸ್ಫಟಿಕದ ಅಧ್ಯಯನ ನಡೆದಿತ್ತು. 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾಗಿ ಬಂದವರು ಎಸ್. ಚಂದ್ರಶೇಖರ್. ಸರ್ ಸಿ.ವಿ. ರಾಮನ್ ಅವರ ಸೋದರಿಯ ಮಗ. ನಕ್ಷತ್ರಗಳ ಅಧ್ಯಯನಕ್ಕಾಗಿ ನೊಬೆಲ್ ಪಡೆದ ಎಸ್. ಚಂದ್ರಶೇಖರ್ ರಾಮನ್ ಅವರ ಅಣ್ಣನ ಮಗ. ಇಬ್ಬರ ಹೆಸರೂ ಒಂದೇ ಆದ್ದರಿಂದ ಗೊಂದಲವಾಗುವುದುಂಟು. ಮಾನಸಗಂಗೋತ್ರಿಯಲ್ಲಿ ದ್ರವ ಸ್ಫಟಿಕಗಳ ಸಂಶೋಧನೆ ಆರಂಭಿಸಿದ ಅವರು, 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ಅಲ್ಲಿ ಅದಕ್ಕಾಗಿಯೇ ಪ್ರಯೋಗಾಲಯ ಕಟ್ಟಿದರು.

ಆವರೆಗಿನ ತಿಳಿವಳಿಕೆಯ ಪ್ರಕಾರ ದ್ರವ ಸ್ಫಟಿಕವಾಗಲು ಅಣು ಕಡ್ಡಿಯಂತೆ ಉದ್ದವಾಗಿರಬೇಕಿತ್ತು. 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಈ ನಂಬಿಕೆಯನ್ನು ತಿದ್ದಿದರು. ನಡುವೆ ಬೆಂಜೀನ್ ಉಂಗುರ, ಸುತ್ತ ಆರು ಬಾಲಗಳಿರುವ ಬಿಲ್ಲೆಯಾಕಾರದ ಅಣುಗಳನ್ನು ಅವರು ತಯಾರಿಸಿದರು. ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಈ ಅಣುಗಳು ಕಂಬಗಳಾಗಿ ನಿಂತು ದ್ರವ ಸ್ಫಟಿಕವಾಗುತ್ತಿದ್ದವು. ಈ ಶೋಧ ಪ್ರಕಟವಾದದ್ದೂ ಬೆಂಗಳೂರಿನಿಂದಲೇ ಹೊರಡುವ 'ಪ್ರಮಾಣ' ಎಂಬ ವಿಜ್ಞಾನ ಪತ್ರಿಕೆಯಲ್ಲಿ. ಆಗ ಇದರಿಂದ ಏನು ಉಪಯೋಗ ಎಂದು ಕೇಳಿದ್ದರೆ ಹೇಳುವಂಥದ್ದು ಹೆಚ್ಚೇನೂ ಇರಲಿಲ್ಲ.

ಉಪಯೋಗ ಹೊರಬಿದ್ದದ್ದು ಸುಮಾರು 2 ದಶಕಗಳ ನಂತರ. ಮೊದಮೊದಲ ಎಲ್‌ಸಿಡಿ ಪರದೆಗಳಲ್ಲಿ ಒಂದು ದೊಡ್ಡ ದೋಷವಿತ್ತು. ಎದುರು ಕುಳಿತವರಿಗೆ ಚಿತ್ರ ಚೆನ್ನಾಗಿ ಕಾಣುತ್ತಿತ್ತು. ಪಕ್ಕದಲ್ಲಿ ಕುಳಿತವರಿಗೆ ಕಪ್ಪು ಬೂದಿಯಾಗಿ, ಬಣ್ಣಗಳು ತಲೆಕೆಳಗಾಗುತ್ತಿದ್ದವು. ಓರೆಯಾಗಿ ಹೋಗುವ ಬೆಳಕಿನ ಮೇಲೆ ಕಡ್ಡಿಯಂಥ ಅಣುಗಳು ಬೀರುವ ಪರಿಣಾಮವೇ ಇದಕ್ಕೆ ಕಾರಣ. ಬಿಲ್ಲೆಯಾಕಾರದ ಅಣುಗಳು ಬೆಳಕಿನ ಮೇಲೆ ಇದಕ್ಕೆ ವಿರುದ್ಧ ಪರಿಣಾಮ ಬೀರುತ್ತವೆ. ಒಂದು ಮಾಡಿದ ತಪ್ಪನ್ನು ಇನ್ನೊಂದು ಸರಿಪಡಿಸುತ್ತದೆ. ಜಪಾನಿನ ಫ್ಯೂಜಿ ಫಿಲ್ಮ್ ಕಂಪೆನಿ 1990ರ ದಶಕದ ಮಧ್ಯದಲ್ಲಿ ಬಿಲ್ಲೆಯಾಕಾರದ ಅಣುಗಳನ್ನು ಲೇಪಿಸಿದ ತೆಳು ಹಾಳೆಯನ್ನು ತಯಾರಿಸಿತು. ಅದನ್ನು ಅಂಟಿಸಿದ ಪರದೆಯನ್ನು ಪಕ್ಕದಿಂದಲೂ ನೋಡಬಹುದಾಯಿತು. ಎಲ್‌ಸಿಡಿ ಮಾನಿಟರ್ ಮೇಜಿನ ಮೇಲೆ ಟ್ಯೂಬಿನ ಜಾಗವನ್ನು ಹಿಡಿಯಲು ಈ ಹಾಳೆಯೂ ಒಂದು ಕಾರಣ.

ಬೆಂಗಳೂರಿನಲ್ಲಿ ಹುಟ್ಟಿದ ವಿದ್ಯೆ ಜಪಾನಿನಲ್ಲಿ ಸರಕಾಗಿ, ಮಾನಿಟರ್‌ನೊಳಗೆ ಅಡಗಿ ಮತ್ತೆ ಬೆಂಗಳೂರಿನ ಅಂಗಡಿಗಳಿಗೇ ಬಂತು. ಹಿತ್ತಲ ಗಿಡ ಮದ್ದಲ್ಲ ಎಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಇದು ಭಾರತಕ್ಕಷ್ಟೇ ಆದ ಕಥೆಯಲ್ಲ. ಹಣ, ಕಾರ್ಖಾನೆ, ಪೇಟೆ ಎಲ್ಲವೂ ಇದ್ದ ಆರ್‌ಸಿಎ ಕೂಡ ತಾನು ಕಂಡುಹಿಡಿದದ್ದನ್ನು ಕೈಬಿಟ್ಟಿತ್ತು. ಶೋಧಿಸುವ ಕೈ ಬೇರೆ, ಅದನ್ನು ವರ್ಷಗಟ್ಟಲೆ ನಷ್ಟ ತಡೆದುಕೊಂಡು ಸರಕಾಗಿ ಮಾಡುವ ಕೈ ಬೇರೆ. ಎರಡೂ ಒಂದೇ ಊರಿನಲ್ಲಿ ಕೂಡಿಬರುವುದು ಅಪರೂಪ. ಚಂದ್ರಶೇಖರ್ ಅವರು ಇದನ್ನು ಬಲ್ಲವರಾಗಿದ್ದರು. ನಿವೃತ್ತಿಯ ಬಳಿಕ 1991ರಲ್ಲಿ, ಜಾಲಹಳ್ಳಿಯಲ್ಲಿ ಬಿಇಎಲ್ ಒದಗಿಸಿದ ಜಾಗದಲ್ಲಿ ದ್ರವ ಸ್ಫಟಿಕ ಸಂಶೋಧನಾ ಕೇಂದ್ರವನ್ನು ಆರಂಭಿಸಿದರು. ಅವರು 2004ರಲ್ಲಿ ನಿಧನರಾದರು. ಆ ಕೇಂದ್ರ ಇಂದು ನ್ಯಾನೊ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರವಾಗಿ ಮುಂದುವರಿದಿದೆ.

ಮುಂದಿನ ಪರದೆ

ಎಲ್‌ಸಿಡಿಗೆ ಸ್ವಂತ ಬೆಳಕಿಲ್ಲ. ಹಿಂದೊಂದು ದೀಪ ಸದಾ ಉರಿಯುತ್ತಿರಬೇಕು; ಅದರ ಬಹುಪಾಲು ಬೆಳಕು ಪರದೆಯೊಳಗೇ ವ್ಯರ್ಥವಾಗುತ್ತದೆ. ಈ ಕೊರತೆಯಿಲ್ಲದ್ದು ಒಎಲ್‌ಇಡಿ. 1987ರಲ್ಲಿ ಕೊಡಕ್ ಕಂಪೆನಿಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಇದಕ್ಕೆ ದಾರಿ ತೋರಿಸಿದರು. ಇಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ. ಕಪ್ಪು ಬೇಕಾದಲ್ಲಿ ಆರಿಹೋಗುತ್ತದೆ. ಪ್ಲಾಸ್ಟಿಕ್ ಮೇಲೂ ಲೇಪಿಸಬಹುದಾದ್ದರಿಂದ ಮಡಚುವ ಫೋನುಗಳು ಸಾಧ್ಯವಾಗಿವೆ. ಆದರೆ ನೀಲಿ ಬಣ್ಣದ ವಸ್ತು ಬೇಗ ಸವೆಯುತ್ತದೆ. ಒಂದೇ ಚಿತ್ರ ಬಹಳ ಹೊತ್ತು ನಿಂತರೆ ಅದರ ಕಲೆ ಪರದೆಯಲ್ಲಿ ಉಳಿದುಬಿಡುತ್ತದೆ. ಇಡೀ ದಿನ ಒಂದೇ ಬಗೆಯ ಪುಟ ತೆರೆದಿಡುವ ಕಚೇರಿಯ ಕಂಪ್ಯೂಟರಿಗೆ ಇದು ಸಣ್ಣ ತೊಂದರೆಯಲ್ಲ.

ಇನ್ನೊಂದು ದಾರಿ ಮೈಕ್ರೊ ಎಲ್‌ಇಡಿ. ಕೂದಲೆಳೆಯಷ್ಟು ಸೂಕ್ಷ್ಮವಾದ ದೀಪಗಳನ್ನು ಚುಕ್ಕೆಗೆ ಮೂರರಂತೆ ಜೋಡಿಸುವುದು. ಬೆಳಕು ಹೆಚ್ಚು, ಬಾಳಿಕೆಯೂ ಹೆಚ್ಚು. ಆದರೆ '4ಕೆ' ಎನ್ನುವ ಪರದೆಯೊಂದರಲ್ಲಿ ಸುಮಾರು 83 ಲಕ್ಷ ಚುಕ್ಕೆಗಳಿರುತ್ತವೆ. ಅಂದರೆ 2 ಕೋಟಿ 48 ಲಕ್ಷಕ್ಕೂ ಹೆಚ್ಚು ದೀಪಗಳನ್ನು ತಪ್ಪಿಲ್ಲದೆ ಕೂರಿಸಬೇಕು. ಬೆಲೆ ಇಳಿಯದಿರುವುದು ಈ ಕಾರಣಕ್ಕೆ. ಅತ್ತ ಎಲ್‌ಸಿಡಿಯೂ ಸುಮ್ಮನೆ ಕುಳಿತಿಲ್ಲ. 2023ರ ರಸಾಯನವಿಜ್ಞಾನದ ನೊಬೆಲ್ ಪಡೆದ ಕ್ವಾಂಟಮ್ ಚುಕ್ಕೆಗಳನ್ನು ಸೇರಿಸಿಕೊಂಡು ತನ್ನ ಬಣ್ಣವನ್ನು ಸುಧಾರಿಸಿಕೊಂಡಿದೆ.

ತಯಾರಿಕೆಯ ನೆಲೆಯೂ ಬದಲಾಗುತ್ತಲೇ ಬಂದಿದೆ. ಅಮೆರಿಕದಿಂದ ಜಪಾನ್, ಅಲ್ಲಿಂದ ಕೊರಿಯಾ ಮತ್ತು ತೈವಾನ್, ಬಳಿಕ ಚೀನಾ. ಎಲ್ಲರಿಗಿಂತ ಮೊದಲು ಹೆಜ್ಜೆಯಿಟ್ಟ ಶಾರ್ಪ್ ಕಂಪೆನಿಯೇ 2024ರಲ್ಲಿ ತನ್ನ ಸಕಾಯ್ ಕಾರ್ಖಾನೆಯಲ್ಲಿ ಟಿ.ವಿ. ಪರದೆಗಳ ತಯಾರಿಕೆ ನಿಲ್ಲಿಸಿತು. ಭಾರತ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಚಿಪ್ ಮತ್ತು ಪರದೆಗಳ ತಯಾರಿಕೆಗೆ 76,000 ಕೋಟಿ ರೂಪಾಯಿಗಳ ಯೋಜನೆಯನ್ನು ಮಂಜೂರು ಮಾಡಿತು.

ಕಾರ್ಖಾನೆ ಬೇಕು ನಿಜ. ಆದರೆ ಕಾರ್ಖಾನೆಯನ್ನು ಹೊರಗಿನಿಂದ ತಂದು ನಿಲ್ಲಿಸಬಹುದು. ರೈನಿಟ್ಜರ್ ಅವರ ಕುತೂಹಲವನ್ನಾಗಲಿ, ಮಾನಸಗಂಗೋತ್ರಿಯಲ್ಲಿ ಬೆಳೆದ ಪರಂಪರೆಯನ್ನಾಗಲಿ ಹಾಗೆ ತರಲಾಗದು. ಮುಂದಿನ ಪರದೆಯ ವಸ್ತುವೂ ಈಗಾಗಲೇ ಯಾವುದೋ ಪ್ರಯೋಗಾಲಯದ ಸೀಸೆಯಲ್ಲಿ, ಉಪಯೋಗವೇನೆಂದು ಯಾರಿಗೂ ತಿಳಿಯದೆ ಕುಳಿತಿರಬಹುದು. ಅಂಥ ಸೀಸೆಗಳಿಗೆ ಹಣ ಒದಗಿಸುವ ತಾಳ್ಮೆ ಮತ್ತು ಅವುಗಳಲ್ಲಿ ಒಂದನ್ನು ಪೇಟೆಗೆ ಒಯ್ಯುವ ಛಲ, ಎರಡೂ ಇರುವ ನಾಡಿಗೆ ಮುಂದಿನ ಪರದೆ ದಕ್ಕೀತು.