ಹ್ಯಾಲಿ ಫ್ಲಾನಗನ್: ನಗದೆ ಉತ್ತರಿಸಿದ ಶಿಕ್ಷಕಿ

ತರಗತಿಯಲ್ಲಿ ಯಾರಾದರೂ ಅಸಂಬದ್ಧ ಪ್ರಶ್ನೆ ಕೇಳಿದಾಗ ಉಳಿದವರು ನಕ್ಕರೆ ನಾನು ನಕ್ಕವರನ್ನೇ ಗದರಿಸುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ತಿಳಿಯದಿರುವುದು ಅಪರಾಧವಲ್ಲ. ಆದರೆ ಅಧಿಕಾರದ ಪೀಠದಲ್ಲಿ ಕುಳಿತು, ತೀರ್ಪನ್ನು ಮೊದಲೇ ನಿಶ್ಚಯಿಸಿಕೊಂಡು ಕೇಳುವ ಪ್ರಶ್ನೆಯ ಮಾತು ಬೇರೆ. ಅಂಥ ಪ್ರಶ್ನೆಯೊಂದನ್ನು ಎದುರಿಸಿದ ಅಮೆರಿಕದ ರಂಗನಿರ್ದೇಶಕಿ ಹ್ಯಾಲಿ ಫ್ಲಾನಗನ್ ಅವರ ಬಗ್ಗೆ ಈ ಸಲ ಬರೆಯಬೇಕೆನಿಸಿತು. ಅವರೂ ಮೂಲತಃ ಪಾಠ ಹೇಳುತ್ತಿದ್ದವರೇ.

ಹ್ಯಾಲಿ ಬೆಳೆದದ್ದು, ಪದವಿ ಪಡೆದದ್ದು ಅಯೋವಾ ರಾಜ್ಯದ ಗ್ರಿನೆಲ್ ಎಂಬ ಊರಿನಲ್ಲಿ. 1919ರಲ್ಲಿ ಪತಿ ಕ್ಷಯರೋಗದಿಂದ ತೀರಿಕೊಂಡರು. ಇಬ್ಬರು ಗಂಡುಮಕ್ಕಳಲ್ಲಿ ಹಿರಿಯವನೂ 1922ರಲ್ಲಿ ತೀರಿಹೋದ. ಆ ದುಃಖದ ದಿನಗಳಲ್ಲಿ ಅಧ್ಯಾಪನವನ್ನೂ ನಾಟಕವನ್ನೂ ಅವರು ಗಟ್ಟಿಯಾಗಿ ಹಿಡಿದುಕೊಂಡರು. ಹಾರ್ವರ್ಡ್‌ನಲ್ಲಿ ಜಾರ್ಜ್ ಪಿಯರ್ಸ್ ಬೇಕರ್ ಅವರ ಬಳಿ ಕಲಿತು, 1925ರಲ್ಲಿ ವಾಸರ್ ಮಹಿಳಾ ಕಾಲೇಜನ್ನು ಸೇರಿದರು. ಯುರೋಪ್, ರಷ್ಯಾಗಳನ್ನು ಸುತ್ತಿ ಅಲ್ಲಿಯ ಹೊಸ ರಂಗಭೂಮಿಯನ್ನು ಕಂಡು ಬಂದ ಮೇಲೆ, ಚೆಕಾಫ್‌ನ ಒಂದೇ ಪುಟ್ಟ ನಾಟಕವನ್ನು ಒಂದೇ ಸಂಜೆ ಮೂರು ಬೇರೆ ಬೇರೆ ಶೈಲಿಗಳಲ್ಲಿ ವಿದ್ಯಾರ್ಥಿನಿಯರಿಂದ ಆಡಿಸಿದರು. 1931ರಲ್ಲಿ ಬರಗಾಲದಿಂದ ಕಂಗೆಟ್ಟ ರೈತರ ಕಥೆಯನ್ನು ಅದೇ ಕಾಲೇಜಿನ ರಂಗಮಂದಿರಕ್ಕೆ ತಂದರು.

ಅದು ಮಹಾ ಆರ್ಥಿಕ ಕುಸಿತದ ಕಾಲ. ಮಾತನಾಡುವ ಸಿನಿಮಾ ಬಂದ ಮೇಲೆ ಮೊದಲೇ ಸೊರಗಿದ್ದ ರಂಗಭೂಮಿಯ ಸಹಸ್ರಾರು ನಟರು, ತಂತ್ರಜ್ಞರು, ಸಂಗೀತಗಾರರು ಬೀದಿಗೆ ಬಿದ್ದಿದ್ದರು. 1935ರಲ್ಲಿ ರೂಸ್‌ವೆಲ್ಟ್ ಸರ್ಕಾರ ಅವರಿಗೆ ಅವರ ಕಸುಬಿನಲ್ಲಿಯೇ ಕೆಲಸ ಕೊಡಲು ಫೆಡರಲ್ ಥಿಯೇಟರ್ ಯೋಜನೆಯನ್ನು ಆರಂಭಿಸಿತು. ನಿರುದ್ಯೋಗ ಪರಿಹಾರದ ಹೊಣೆ ಹೊತ್ತಿದ್ದ ಹ್ಯಾರಿ ಹಾಪ್ಕಿನ್ಸ್, ಗ್ರಿನೆಲ್ ಕಾಲೇಜಿನಲ್ಲಿ ತಮ್ಮೊಡನೆ ಓದಿದ್ದ ಹ್ಯಾಲಿಯವರನ್ನೇ ಅದಕ್ಕೆ ನಿರ್ದೇಶಕಿಯನ್ನಾಗಿ ಕರೆದರು. ವೃತ್ತಿರಂಗಭೂಮಿಯ ಘಟಾನುಘಟಿಗಳಿರುವಾಗ ಕಾಲೇಜಿನ ಅಧ್ಯಾಪಕಿಯೇಕೆ ಎಂದು ಹುಬ್ಬೇರಿಸಿದವರಿದ್ದರು.

ಆಕೆ ಕೆಲಸದಿಂದಲೇ ಉತ್ತರಿಸಿದರು. 1936ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಪ್ಪು ಕಲಾವಿದರು, ಇಪ್ಪತ್ತರ ತರುಣ ಆರ್ಸನ್ ವೆಲ್ಸ್‌ನ ನಿರ್ದೇಶನದಲ್ಲಿ, 'ಮ್ಯಾಕ್‌ಬೆತ್' ಆಡಿದರು. ಅದೇ ವರ್ಷ ಅಕ್ಟೋಬರ್ 27ರಂದು, ಸರ್ವಾಧಿಕಾರ ಅಮೆರಿಕಕ್ಕೂ ಬರಬಹುದೆಂದು ಎಚ್ಚರಿಸುವ ಸಿಂಕ್ಲೇರ್ ಲೂಯಿಸ್‌ರ ನಾಟಕ ಹಲವು ನಗರಗಳಲ್ಲಿ ಏಕಕಾಲಕ್ಕೆ ತೆರೆಕಂಡಿತು. ನ್ಯೂಯಾರ್ಕಿನಲ್ಲಿ ಯಿಡ್ಡಿಶ್ ಭಾಷೆಯಲ್ಲಿ, ಟ್ಯಾಂಪಾದಲ್ಲಿ ಸ್ಪ್ಯಾನಿಷ್‌ನಲ್ಲಿ ಕೂಡ. ನಿರುದ್ಯೋಗಿ ಪತ್ರಕರ್ತರು ಅಂಕಿಅಂಶ ಹೆಕ್ಕಿ ತಂದು ಕೊಟ್ಟರೆ, ರೈತರ ಗೋಳು, ವಿದ್ಯುತ್ತಿನ ದರ, ಕೊಳೆಗೇರಿಯ ಮನೆಬಾಡಿಗೆಗಳು 'ಜೀವಂತ ಪತ್ರಿಕೆ' ಎಂಬ ಹೊಸ ಬಗೆಯ ನಾಟಕಗಳಾಗುತ್ತಿದ್ದವು. ಟಿಕೆಟ್ಟಿನ ದರ ಕೆಲವೇ ಸೆಂಟುಗಳು. ಎಷ್ಟೋ ಪ್ರದರ್ಶನಗಳು ಉಚಿತ. ನಾಟಕವನ್ನೇ ಕಂಡಿರದವರು ಮೊದಲ ಬಾರಿಗೆ ಕಂಡರು.

ಸರ್ಕಾರದ ಹಣವೆಂದ ಮೇಲೆ ಸರ್ಕಾರದ ಕೈಯೂ ಇರುತ್ತದೆ. ಇಥಿಯೋಪಿಯಾದ ಮೇಲೆ ಮುಸೊಲಿನಿ ನಡೆಸಿದ ದಾಳಿಯನ್ನು ಕುರಿತ ಮೊದಲ ಜೀವಂತ ಪತ್ರಿಕೆಗೇ ವಾಷಿಂಗ್ಟನ್ ತಡೆಯೊಡ್ಡಿತ್ತು. ಕೊನೆಗೆ, ಈ ಯೋಜನೆ ಕಮ್ಯುನಿಸ್ಟರ ಬೀಡೆಂಬ ಆರೋಪದ ಮೇಲೆ 1938ರ ಡಿಸೆಂಬರಿನಲ್ಲಿ ಹ್ಯಾಲಿ ಸಂಸದರ ಸಮಿತಿಯೆದುರು ನಿಲ್ಲಬೇಕಾಯಿತು. ಅವರ ಹಳೆಯ ಲೇಖನವೊಂದರಲ್ಲಿ ಮಾರ್ಲೋನ ಹೆಸರು ಕಂಡ ಅಲಬಾಮದ ಸದಸ್ಯ ಜೋ ಸ್ಟಾರ್ನ್ಸ್, ಈ ಮಾರ್ಲೋ ಕಮ್ಯುನಿಸ್ಟನೇ ಎಂದು ಕೇಳಿದರು. ಕ್ರಿಸ್ಟೋಫರ್ ಮಾರ್ಲೋ ಶೇಕ್ಸ್‌ಪಿಯರ್‌ಗೆ ತುಸು ಮುಂಚಿನ ಮಹಾ ನಾಟಕಕಾರನೆಂದು ಹ್ಯಾಲಿ ಶಾಂತವಾಗಿ ತಿಳಿಸಿದರು. ಸಭೆ ನಗೆಯಲ್ಲಿ ಮುಳುಗಿತು. ತಾವು ಮಾತ್ರ ನಗಲಿಲ್ಲವೆಂದು ಅವರು ಮುಂದೆ ತಮ್ಮ 'ಅರೀನಾ' ಗ್ರಂಥದಲ್ಲಿ ಬರೆದರು. ಆ ಪೂರ್ವಗ್ರಹದಿಂದ ಎಂಟು ಸಾವಿರ ಜನರ ಅನ್ನ ಹೋಗಲಿತ್ತು. ಹಾಗೆಯೇ ಆಯಿತು. 1939ರ ಜೂನ್ 30ರಂದು ಸಂಸತ್ತು ಯೋಜನೆಯನ್ನು ಮುಚ್ಚಿತು.

ಹ್ಯಾಲಿ ಮತ್ತೆ ಕಾಲೇಜಿಗೆ ಮರಳಿದರು, ಸ್ಮಿತ್ ಕಾಲೇಜಿನ ಡೀನ್ ಆದರು, 1969ರಲ್ಲಿ ನಿಧನರಾದರು. ಐದು ವರ್ಷಗಳ ನಂತರ, 1974ರಲ್ಲಿ, ಬಾಲ್ಟಿಮೋರ್ ಸಮೀಪದ ವಿಮಾನ ಕೊಟ್ಟಿಗೆಯೊಂದರಲ್ಲಿ ಆ ಯೋಜನೆಯ ಹಸ್ತಪ್ರತಿಗಳು, ಭಿತ್ತಿಪತ್ರಗಳು, ವಿನ್ಯಾಸಗಳು ಧೂಳಿನಡಿ ಪತ್ತೆಯಾದವು. ಪತ್ತೆಹಚ್ಚಿದವರು ವಿಶ್ವವಿದ್ಯಾಲಯದ ಇಬ್ಬರು ಅಧ್ಯಾಪಕರು. ಅವರು ಅದನ್ನು ನೋಡಲಿಲ್ಲವಲ್ಲ ಎಂದು ನನಗೆ ವ್ಯಥೆಯಾಗುತ್ತದೆ.

ಆದರೂ ನನ್ನನ್ನು ಹೆಚ್ಚು ಕಾಡುವುದು ಆ ನಗದ ಮುಖವೇ. ಎದುರಿನವರ ಅಜ್ಞಾನಕ್ಕೆ ನಕ್ಕು ಗೆದ್ದೆವೆಂದು ತಿಳಿಯುವುದು ಸುಲಭ. ಅದರ ಬೆಲೆಯನ್ನು ತೆರುವವರು ಯಾರೆಂದು ಆ ಕ್ಷಣದಲ್ಲಿಯೂ ಮರೆಯದಿರುವುದು ಕಷ್ಟ. ಮಕ್ಕಳೇ, ನಾನು ನಿಮ್ಮನ್ನು ಗದರಿಸುತ್ತಿದ್ದಾಗ ಹೇಳಲು ತಿಳಿಯದಿದ್ದುದು ಇದೇ.